ನಾಳೆಗೆ ಸ್ವಲ್ಪ ಉಳಿಸಿಕೊಳ್ಳಿ

1/8
ಮೂರನೇ ಪ್ರಶ್ನೆ

ಯಾರಿಗಾದರೂ ಹುಷಾರಿಲ್ಲ ಅಂದರೆ ನಾವೆಲ್ಲ ಕೇಳೋದು ಎರಡೇ ಪ್ರಶ್ನೆ. "ಮಾತ್ರೆ ತಗೊಂಡ್ಯಾ?" "ಊಟ ಆಯ್ತಾ?"

ಮೂರು ದಿನದ ಜ್ವರಕ್ಕೆ ಇಷ್ಟು ಸಾಕು. ಆದರೆ ಬೈಕಿಂದ ಬಿದ್ದು, ಕಾಲಿಗೆ ರಾಡ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿರೋ ಹುಡುಗನಿಗೆ? ಕಾಮಾಲೆ ಅಂತ ಮನೆ ಬಿಟ್ಟು ಹೊರಗೆ ಬರದೇ ಇರೋ ಹುಡುಗಿಗೆ? ಆರು ತಿಂಗಳು ದಿನಾ ಮಾತ್ರೆ ನುಂಗಬೇಕಾದವರಿಗೆ? ಮಾತ್ರೆ ನುಂಗೋಕೆ ಎರಡು ನಿಮಿಷ. ಊಟಕ್ಕೆ ಅರ್ಧ ಗಂಟೆ. ಮಿಕ್ಕ ಹೊತ್ತು ಹೇಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಕೇಳಬೇಕಾದ ಮೂರನೇ ಪ್ರಶ್ನೆ ಅದೇ: "ಹಗಲೆಲ್ಲ ಏನು ಮಾಡ್ತಾ ಇದ್ದೀಯ?"

ನನ್ನ ಪರಿಚಯ ಇಲ್ಲದವರಿಗೆ: ನಾನು ಹುತ್ತೂರಿನವಳು, ಬಿಕಾಂ ಓದ್ತಾ ಇದ್ದೀನಿ. ಹೋದ ವರ್ಷ ನನಗೆ ಶ್ವಾಸಕೋಶದ ಟಿಬಿ ಬಂದಿತ್ತು. ನೆಂಟರಿಗೆಲ್ಲ ಮನೆಯವರು "ಟೈಫಾಯಿಡ್" ಅಂತ ಹೇಳಿದ್ದರು. ಇರಲಿ, ಈಗ ನಾನೇ ಹೇಳ್ತಾ ಇದ್ದೀನಿ. ಆರು ತಿಂಗಳು ಮಾತ್ರೆ ನುಂಗಿದೆ, ಕೋರ್ಸ್ ಮುಗಿಸಿದೆ, ವಾಸಿಯಾಯ್ತು.

ಈ ಎಂಟು ಕ್ಯಾಪ್ಷನ್ ಟಿಬಿ ಬಗ್ಗೆ ಮಾತ್ರ ಅಲ್ಲ. ಯಾವುದೇ ದೀರ್ಘ ಚೇತರಿಕೆಯಲ್ಲಿ ನಮ್ಮನ್ನು ದಡ ಸೇರಿಸೋ ಸಣ್ಣಪುಟ್ಟ ಹವ್ಯಾಸಗಳ ಬಗ್ಗೆ. ಅವನ್ನ ನಾವು "ಟೈಂಪಾಸ್" ಅಂತ ಕರೀತೀವಿ. ನನ್ನ ಪ್ರಕಾರ ಅವು ಚಿಕಿತ್ಸೆಯ ಒಂದು ಭಾಗ. ಯಾಕೆ ಅಂತ ಹೇಳ್ತೀನಿ.

2/8
ಅಪಾಯ ಇರೋದು ಹುಷಾರಾದ ಮೇಲೆ

ಟಿಬಿ ಚಿಕಿತ್ಸೆ ಹೇಗಿರುತ್ತೆ ಅಂದರೆ: ಸಾಮಾನ್ಯ ಟಿಬಿಗೆ ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲಿನ 4 ತಿಂಗಳು ಮೂರು. ಎಲ್ಲ ಸೇರಿಸಿ ಒಂದೇ ಗುಳಿಗೆಯಲ್ಲಿ ಬರುತ್ತೆ, ನಿಮ್ಮ ತೂಕ ನೋಡಿ ಎಷ್ಟು ಗುಳಿಗೆ ಅಂತ ಹೇಳ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಮೊದಲೇ ಹೇಳದಿದ್ದರೆ ರಕ್ತ ಅಂತ ಗಾಬರಿ ಬೀಳ್ತೀರ. ಅದು ರಿಫಾಂಪಿಸಿನ್ ಅನ್ನೋ ಔಷಧದ ಬಣ್ಣ, ಅಷ್ಟೇ.

ಮೊದಲ ತಿಂಗಳು ಕಷ್ಟ. ವಾಕರಿಕೆ, ಸುಸ್ತು. ಆಮೇಲೆ ಕೆಮ್ಮು ಹೋಗುತ್ತೆ, ಹಸಿವು ಬರುತ್ತೆ, ಮುಖ ತುಂಬಿಕೊಳ್ಳುತ್ತೆ. ಎರಡು-ಮೂರು ತಿಂಗಳಿಗೆ ನೀವು ನೋಡೋಕೆ ಪೂರ್ತಿ ಹುಷಾರು.

ಅಪಾಯ ಶುರುವಾಗೋದೇ ಅಲ್ಲಿಂದ. ರೋಗಾಣು ಇನ್ನೂ ಪೂರ್ತಿ ಸತ್ತಿರಲ್ಲ. ಮಧ್ಯದಲ್ಲಿ ಮಾತ್ರೆ ಬಿಟ್ಟರೆ ಟಿಬಿ ವಾಪಸ್ ಬರಬಹುದು, ಹಳೇ ಔಷಧಕ್ಕೆ ಬಗ್ಗದ ಟಿಬಿಯಾಗಿ ಬರಬಹುದು. ಆಗ ಚಿಕಿತ್ಸೆ ಇನ್ನೂ ಕಷ್ಟ.

ಜನ ಮಾತ್ರೆ ಬಿಡೋಕೆ ಕಾರಣ ಒಂದಲ್ಲ. ವಾಕರಿಕೆ ತಡೆಯಲಾಗದೆ ಬಿಡ್ತಾರೆ, ಕೂಲಿ ತಪ್ಪುತ್ತೆ ಅಂತ ಬಿಡ್ತಾರೆ, ಯಾರಿಗಾದರೂ ಗೊತ್ತಾಗುತ್ತೆ ಅನ್ನೋ ಭಯಕ್ಕೆ ಬಿಡ್ತಾರೆ. ಆದರೆ ಇನ್ನೊಂದು ಕಾರಣ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಬೇಜಾರು. "ಚೆನ್ನಾಗೇ ಇದ್ದೀನಲ್ಲ, ಇನ್ನೂ ಎಷ್ಟು ದಿನ ಈ ರೋಗಿ ವೇಷ?" ಅನ್ನೋ ಬೇಜಾರು. ಕ್ಯಾಲೆಂಡರಲ್ಲಿ ಎಲ್ಲ ದಿನವೂ ಒಂದೇ ಥರ ಕಾಣೋಕೆ ಶುರುವಾದರೆ ನಾಳೆಯ ಮಾತ್ರೆಗೂ ಬೆಲೆ ಇರಲ್ಲ.

ಕಾಲು ಮುರಿದವರದ್ದೂ ಇದೇ ಕಥೆ. ನೋವು ಇರೋವರೆಗೆ ಫಿಸಿಯೋ ಮಾಡ್ತಾರೆ. ನೋವು ಹೋದ ಮೇಲೆ "ಆಮೇಲೆ ಮಾಡೋಣ" ಅಂತ ಮಲಗ್ತಾರೆ.

3/8
ಔಷಧ ಮನೆಗೆ ಬಂತು, ಮಿಕ್ಕದ್ದು ಬರಲಿಲ್ಲ

ಸ್ವಲ್ಪ ಇತಿಹಾಸ, ಬೇಗ ಮುಗಿಸ್ತೀನಿ. ನಮ್ಮ ಶ್ರೀನಿವಾಸಪುರ, ರಾಯಲ್ಪಾಡು ದಾಟಿ ಮದನಪಲ್ಲಿ ಕಡೆ ಹೋದರೆ ಆರೋಗ್ಯವರಂ ಸಿಗುತ್ತೆ. ಟೊಮ್ಯಾಟೋ ಲೋಡ್ ತಗೊಂಡು ಆ ಕಡೆ ಹೋಗೋರಿಗೆ ಗೊತ್ತಿರಬಹುದು. ನೂರು ವರ್ಷಕ್ಕೂ ಹಿಂದೆ ಅಲ್ಲಿ ಟಿಬಿ ಸ್ಯಾನಟೋರಿಯಂ ಶುರುವಾಯ್ತು. ಮೈಸೂರಿನಲ್ಲೂ ಪಿಕೆಟಿಬಿ ಸ್ಯಾನಟೋರಿಯಂ ಇದೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಗೋವರೆಗೂ ಟಿಬಿಗೆ ನಿಜವಾಗಿ ಕೆಲಸ ಮಾಡೋ ಔಷಧವೇ ಇರಲಿಲ್ಲ. ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ. ತಿಂಗಳುಗಟ್ಟಲೆ, ವರ್ಷಗಟ್ಟಲೆ.

ಅಷ್ಟು ದಿನ ಸುಮ್ಮನೆ ಮಲಗಿದರೆ ಮನುಷ್ಯ ಒಳಗೇ ಕುಸೀತಾನೆ ಅಂತ ಆಗಿನವರಿಗೆ ಗೊತ್ತಾಗಿತ್ತು. ಹಾಗಾಗಿ ಬೇರೆ ಬೇರೆ ದೇಶಗಳ ಸ್ಯಾನಟೋರಿಯಂಗಳಲ್ಲಿ ಬುಟ್ಟಿ ಹೆಣೆಯೋದು, ಹೊಲಿಗೆ, ತೋಟದ ಕೆಲಸ, ಪುಸ್ತಕ ಇವೆಲ್ಲ ದಿನಚರಿಯಲ್ಲೇ ಸೇರಿದ್ದವು. ಅಮೆರಿಕದಲ್ಲಿ ಜಾರ್ಜ್ ಬಾರ್ಟನ್ ಅಂತ ಒಬ್ಬ ಆರ್ಕಿಟೆಕ್ಟ್ ಇದ್ದ. ಅವನಿಗೇ ಟಿಬಿ, ಮೇಲೆ ಮೈಯ ಒಂದು ಪಕ್ಕ ಲಕ್ವ. ಮರಗೆಲಸ ಮತ್ತು ತೋಟದ ಕೆಲಸ ಮಾಡ್ತಾ ಚೇತರಿಸಿಕೊಂಡ. 1914ರಲ್ಲಿ ಬೇರೆ ರೋಗಿಗಳಿಗೂ ಅಂತ ಒಂದು ಮನೆ ತೆರೆದ. 1917ರಲ್ಲಿ ಅದೇ ಮನೆಯಲ್ಲಿ ಕೆಲವರು ಸೇರಿ ಒಂದು ಸಂಘ ಕಟ್ಟಿದರು. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ ಅಂತ ಇರೋ ವಿಭಾಗದ ಬೇರು ಅಲ್ಲಿದೆ.

ಆಮೇಲೆ ನಮ್ಮ ದೇಶದಲ್ಲೇ ದೊಡ್ಡ ತಿರುವು ಬಂತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಟಿಬಿ ರೋಗಿಗಳನ್ನ ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ಸ್ಯಾನಟೋರಿಯಂನಲ್ಲಿ, ಅರ್ಧ ಜನಕ್ಕೆ ಅವರವರ ಬಡ ಮನೆಗಳಲ್ಲೇ ಒಂದು ವರ್ಷ ಅದೇ ಔಷಧ ಕೊಟ್ಟರು. ಫಲಿತಾಂಶ ಹೆಚ್ಚುಕಡಿಮೆ ಒಂದೇ. ಮನೆಯವರಿಗೂ ಅದರಿಂದ ಹೆಚ್ಚು ಅಪಾಯ ಆಗಲಿಲ್ಲ. ಇಡೀ ಜಗತ್ತಲ್ಲಿ ಟಿಬಿ ಚಿಕಿತ್ಸೆ ಮನೆಗೆ ಬರೋಕೆ ಇದು ದೊಡ್ಡ ಕಾರಣ. ಒಳ್ಳೆಯದೇ ಆಯ್ತು. ನಾನು ಮನೆಯಲ್ಲೇ ಇದ್ದು ವಾಸಿಯಾದದ್ದು ಅದರಿಂದಲೇ.

ಆದರೆ ಒಂದು ಗಮನಿಸಿ. ಮಾತ್ರೆ ಮನೆಗೆ ಬಂತು. ಬುಟ್ಟಿ ಹೆಣೆಯೋ ಕೋಣೆ, ತೋಟ, ಪುಸ್ತಕದ ಕಪಾಟು ಮನೆಗೆ ಬರಲಿಲ್ಲ. ಆ ಜಾಗ ಖಾಲಿ ಬಿತ್ತು. ಈಗ ಅಲ್ಲಿ ಮೊಬೈಲ್ ಕೂತಿದೆ.

4/8
ರೀಲ್ಸ್ ಬೈಯೋಕೆ ಬಂದಿಲ್ಲ

ಇದೇ ಆ್ಯಪಲ್ಲಿ ಕೂತು ಮೊಬೈಲ್ ಬೈದರೆ ನೀವು ನಗ್ತೀರ. ಬೈಯಲ್ಲ. ಮೊದಲ ತಿಂಗಳು ತಲೆ ಎತ್ತೋಕೂ ಆಗದ ದಿನ ರೀಲ್ಸ್ ನೋಡಿ ನಕ್ಕರೆ ಅದೂ ಒಂದು ಔಷಧವೇ.

ನಾನು ಹೇಳೋದು ಒಂದು ವ್ಯತ್ಯಾಸದ ಬಗ್ಗೆ. ಮನಸ್ಸು ಬೇರೆ ಕಡೆ ತಿರುಗಿಸೋ ಕೆಲಸಗಳಲ್ಲಿ ಎರಡು ಜಾತಿ ಇದೆ. ಒಂದು, ಇವತ್ತಿಗೇ ಮುಗಿಯೋದು. ಇನ್ನೊಂದು, ನಾಳೆಗೆ ಸ್ವಲ್ಪ ಉಳಿಯೋದು.

ನೂರು ರೀಲ್ಸ್ ನೋಡಿದರೂ ನಾಳೆ ಬೆಳಗ್ಗೆ ನಿಮಗಾಗಿ ಅಲ್ಲಿ ಏನೂ ಕಾದಿರಲ್ಲ. ಮತ್ತೆ ಮೊದಲಿಂದ ನೂರು. ಆದರೆ ಮೊಸರಿನ ಡಬ್ಬಿಯಲ್ಲಿ ಕೊತ್ತಂಬರಿ ಬೀಜ ಹಾಕಿದ್ದರೆ ಬೆಳಗ್ಗೆ ಎದ್ದು ನೋಡಬೇಕು, ಮೊಳಕೆ ಬಂತಾ ಅಂತ. ಕ್ರೋಶಾ ಅರ್ಧಕ್ಕೆ ನಿಂತಿದ್ದರೆ ಇನ್ನೆರಡು ಸಾಲು ಬಾಕಿ. ಪೇಪರಿನ ಪದಬಂಧದಲ್ಲಿ ಒಂದು ಪದ ಸಿಗದೇ ಇದ್ದರೆ ಉತ್ತರ ನಾಳಿನ ಪೇಪರಲ್ಲಿ. ಧಾರಾವಾಹಿ ಥರ ಓದೋ ಕಾದಂಬರಿಯಾದರೆ ಮುಂದೇನಾಯ್ತೋ ಅನ್ನೋ ಕುತೂಹಲ.

ಈ "ನಾಳೆ" ಇದೆಯಲ್ಲ, ಅದೇ ಮುಖ್ಯ. ಯಾಕಂದರೆ ಮಾತ್ರೆ ಇರೋದೂ ನಾಳೆಯಲ್ಲೇ. ನಾಳೆ ಬೆಳಗ್ಗೆ ಎದ್ದೇಳೋಕೆ ಒಂದು ಕಾರಣ ಇದ್ದರೆ ಅದೇ ಕೈಯಲ್ಲಿ ಮಾತ್ರೆಯೂ ಬಾಯಿಗೆ ಹೋಗುತ್ತೆ. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿ. ಗಿಡಕ್ಕೆ ನೀರು, ನನಗೆ ಮಾತ್ರೆ. ಒಂದು ನೆನಪಾದರೆ ಇನ್ನೊಂದು ನೆನಪಾಗುತ್ತೆ.

ಮೊಬೈಲಲ್ಲೂ ನಾಳೆ ಇರೋ ಕೆಲಸ ಇದೆ. ಫ್ರೆಂಡ್ ಜೊತೆ ದಿನಕ್ಕೆ ಒಂದೊಂದೇ ನಡೆ ಇಡೋ ಚೆಸ್. ಅಜ್ಜಿ ಹೇಳೋ ಕಥೆಗಳನ್ನ ದಿನಾ ಐದು ನಿಮಿಷ ರೆಕಾರ್ಡ್ ಮಾಡೋದು. ಕಿಟಕಿಯಿಂದ ಕಾಣೋ ಒಂದೇ ಮರವನ್ನ ದಿನಾ ಒಂದೇ ಹೊತ್ತಿಗೆ ಫೋಟೋ ತೆಗೆಯೋದು.

5/8
ಹುಳಕ್ಕೂ ಜ್ವರ ಬರುತ್ತೆ

ನಮ್ಮದು ರೇಷ್ಮೆ ಬೆಳೆಯೋ ಮನೆ. ಈ ಕಡೆಯವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳ್ತೀನಿ: ರೇಷ್ಮೆ ಹುಳ ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಅದಕ್ಕೆ ನಾವು "ಜ್ವರ" ಅಂತೀವಿ. ಜ್ವರಕ್ಕೆ ಕೂತ ಹುಳ ಸೊಪ್ಪು ತಿನ್ನಲ್ಲ, ಅಲ್ಲಾಡಲ್ಲ. ಆಗ ಯಾರೂ ಅದನ್ನ ಮುಟ್ಟಬಾರದು. ಎದ್ದ ಮೇಲೆ ಮೊದಲಿಗಿಂತ ಜಾಸ್ತಿ ತಿನ್ನುತ್ತೆ. ನಾಲ್ಕನೇ ಜ್ವರ ದಾಟಿದ ಮೇಲೆ ತಿನ್ನೋ ಸೊಪ್ಪೇ ಇಡೀ ಜೀವನದ ಸೊಪ್ಪಿನಲ್ಲಿ ಶೇಕಡಾ 80ರ ಮೇಲೆ.

ಹುಳದ ಮನೆಯೊಳಗೆ ಸುಣ್ಣದ ಧೂಳು, ಔಷಧದ ಪುಡಿ. ನನ್ನನ್ನ ಒಳಗೆ ಬಿಡಲಿಲ್ಲ. ಹಾಗಾಗಿ ನಾನು ಹೊರಗಿನ ಜಗಲಿ ಮೇಲೆ ಕೂತು ಲೆಕ್ಕ ಬರೆಯೋಕೆ ಶುರು ಮಾಡಿದೆ. ಬಿಕಾಂ ಅಲ್ವಾ, ಬೇರೇನು ಗೊತ್ತು!

ಚಾಕಿ ಸೆಂಟರಿಂದ ಎರಡನೇ ಜ್ವರ ದಾಟಿದ ಹುಳ ತಂದ ದಿನದಿಂದ ಹಿಡಿದು ಗೂಡು ಬಿಡಿಸಿ ಕೋಲಾರದ ಗೂಡು ಮಾರುಕಟ್ಟೆಗೆ ಹಾಕೋವರೆಗೆ ಸುಮಾರು 25 ದಿನ. ದಿನಕ್ಕೊಂದು ಪುಟ. ಎಷ್ಟು ಹೊರೆ ಸೊಪ್ಪು, ಯಾರ ಕೂಲಿ ಎಷ್ಟು, ಪುಡಿಗೆ ಎಷ್ಟು, ಆಟೋ ಬಾಡಿಗೆ ಎಷ್ಟು, ಚಂದ್ರಿಕೆಗೆ ಹುಳ ಬಿಟ್ಟದ್ದು ಯಾವತ್ತು. ಆರು ತಿಂಗಳಲ್ಲಿ ನಾಲ್ಕು ಬೆಳೆ ಬರೆದೆ. ಸಂಜೆ ಅಪ್ಪ ಬಂದು "ಇವತ್ತಿನದು ಬರಕೋಮ್ಮ" ಅಂತ ಕೂತ್ಕೊಳ್ಳೋರು. ಕಾಯಿಲೆ ಬಂದ ಮೇಲೆ ಮನೆಯಲ್ಲಿ ಯಾರಾದರೂ ನನ್ನ ಹತ್ತಿರ ಕಾಯಿಲೆ ಬಿಟ್ಟು ಬೇರೆ ಮಾತಾಡಿದ್ದು ಅದೇ ಹೊತ್ತಲ್ಲಿ.

ಎರಡನೇ ಬೆಳೆಯ ಲೆಕ್ಕದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಖರ್ಚಿನ ಪಟ್ಟಿಯಲ್ಲಿ ಎಲ್ಲರ ಕೂಲಿಯೂ ಇತ್ತು, ಅಮ್ಮನದ್ದು ಇರಲಿಲ್ಲ. ಬೆಳಗಿನ ಜಾವ ಎದ್ದು ಸೊಪ್ಪು ಹಾಕೋರು ಅಮ್ಮ, ರಾತ್ರಿ ಕೊನೆ ಸೊಪ್ಪು ಹಾಕೋರೂ ಅಮ್ಮ. ಮೂರನೇ ಬೆಳೆಗೆ ಅವರಿಗೂ ಒಂದು ಕಾಲಂ ಹಾಕಿದೆ. ಲಾಭ ನೋಡ್ತಾ ನೋಡ್ತಾ ಇಳೀತು. ಅಪ್ಪ ಸುಮ್ಮನೆ ಪುಸ್ತಕ ನೋಡಿದರು, ಏನೂ ಅನ್ನಲಿಲ್ಲ. ಕಾಲಂ ಮಾತ್ರ ಈಗಲೂ ಇದೆ.

ಹವ್ಯಾಸ ಅಂದರೆ ಗಿಟಾರೇ ಆಗಬೇಕಿಲ್ಲ, ಪೇಂಟಿಂಗೇ ಆಗಬೇಕಿಲ್ಲ. ನಿಮ್ಮ ಮನೆಯಲ್ಲಿ ಹೇಗೂ ನಡೀತಾ ಇರೋ ಯಾವುದೋ ಒಂದರ ತುದಿ ಹಿಡ್ಕೊಂಡರೆ ಸಾಕು.

6/8
ಕಿಟಕಿ ಮತ್ತು ಚಂದ್ರ

"ಹವ್ಯಾಸದಿಂದ ಕಾಯಿಲೆ ವಾಸಿಯಾಗುತ್ತಾ?" ಅಂತ ಕೇಳ್ತೀರ. ಇಲ್ಲ. ವಾಸಿ ಮಾಡೋದು ಔಷಧ. ಈ ವಿಷಯದಲ್ಲಿ ಗೊಂದಲ ಬೇಡ. ಗಿಡ ನೆಟ್ಟು ಮಾತ್ರೆ ಬಿಟ್ಟರೆ ಗಿಡ ಉಳಿಯುತ್ತೆ, ನೀವು ಉಳಿಯಲ್ಲ.

ಆದರೆ ಮನಸ್ಸು ಎಲ್ಲಿದೆ ಅನ್ನೋದು ದೇಹಕ್ಕೆ ತಿಳಿಯುತ್ತೆ. ರೋಜರ್ ಉಲ್ರಿಚ್ ಅನ್ನೋ ಸಂಶೋಧಕ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ಹಳೇ ದಾಖಲೆ ತೆಗೆದು ನೋಡಿದ. 23 ಜನಕ್ಕೆ ಕಿಟಕಿಯಿಂದ ಮರ ಕಾಣ್ತಿತ್ತು, ಅವರಂಥದ್ದೇ ಇನ್ನೂ 23 ಜನಕ್ಕೆ ಇಟ್ಟಿಗೆ ಗೋಡೆ ಕಾಣ್ತಿತ್ತು. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧವೂ ಅವರಿಗೆ ಕಡಿಮೆ ಬೇಕಾಗಿತ್ತು. ಇದು 1984ರಲ್ಲಿ ಪ್ರಕಟವಾದದ್ದು. ಸಣ್ಣ ಅಧ್ಯಯನ, ನಿಜ. ಆದರೆ ಇದರಿಂದ ಮಾಡಬೇಕಾದ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ: ಮಂಚವನ್ನ ಕಿಟಕಿ ಕಡೆಗೆ ಎಳೀರಿ. ಟಿಬಿ ಇರೋರಿಗೆ ಗಾಳಿ ಬೆಳಕು ಹೇಗೂ ಬೇಕು.

ಇನ್ನು ನಮ್ಮವರೇ ಒಬ್ಬರು. ಬಿ.ಎಸ್. ಚಂದ್ರಶೇಖರ್, 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಸುಮಾರು ಆರನೇ ವಯಸ್ಸಿಗೆ ಪೋಲಿಯೋ ಬಂದು ಬಲಗೈ ಸೊರಗಿಹೋಯ್ತು. ಆ ಕೈ ಮತ್ತೆ ಎಲ್ಲರ ಕೈ ಥರ ಆಗಲೇ ಇಲ್ಲ. ಫೀಲ್ಡಿಂಗ್ ಮಾಡುವಾಗ ಚೆಂಡನ್ನ ಎಡಗೈಯಲ್ಲೇ ಎಸೀತಿದ್ದರು. ಆದರೆ ಅದೇ ಸಣಕಲು ಬಲಗೈಯಿಂದ ಲೆಗ್ ಸ್ಪಿನ್ ಹಾಕಿ 58 ಟೆಸ್ಟಲ್ಲಿ 242 ವಿಕೆಟ್ ತೆಗೆದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದು ಆ ಮ್ಯಾಚಲ್ಲೇ.

ನಾವೆಲ್ಲ ಚಂದ್ರ ಆಗ್ತೀವಿ ಅಂತ ಇದನ್ನ ಹೇಳ್ತಿಲ್ಲ. ಆಟ ಆಡೋ ಹುಡುಗ ತನ್ನ ಕೈಯಲ್ಲಿ ಏನಾಗಲ್ಲ ಅನ್ನೋದನ್ನ ಎಣಿಸ್ತಾ ಕೂರಲ್ಲ, ಏನಾಗುತ್ತೆ ಅಂತ ಹುಡುಕ್ತಾನೆ. ಚೇತರಿಕೆಯಲ್ಲಿ ಆ ಹುಡುಕಾಟ ಬೇಕು.

7/8
"ಇದೆಲ್ಲ ಇದ್ದವರಿಗೆ ಕಣೇ"

ನನ್ನ ಕ್ಲಾಸ್‌ಮೇಟ್ ಒಬ್ಬಳು ಹೀಗಂದಳು. ಅವಳ ಮಾತಲ್ಲಿ ಸತ್ಯ ಇದೆ. ಟೊಮ್ಯಾಟೋ ಮಂಡಿಯಲ್ಲಿ ಬಾಕ್ಸ್ ಎತ್ತೋ ಅಣ್ಣನಿಗೆ ಆರು ತಿಂಗಳು ಹವ್ಯಾಸ ಮಾಡ್ತಾ ಕೂತ್ಕೊ ಅಂದರೆ ಮನೆಯಲ್ಲಿ ಒಲೆ ಹತ್ತಬೇಕಲ್ಲ? ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ಇರೋರಿಗೆ ಈಗ ತಿಂಗಳಿಗೆ 1,000 ರೂಪಾಯಿ ಬರುತ್ತೆ. ಅದು ಮೊಟ್ಟೆ, ಹಾಲು, ಬೇಳೆಗೆ. ಕೂಲಿ ತುಂಬಿಕೊಡಲ್ಲ. ಹೆಂಗಸರಿಗಂತೂ ಕಾಯಿಲೆ ಬಂದರೂ ರಜೆ ಇಲ್ಲ.

ಇನ್ನೊಂದು ಮೋಸ ಇದೆ. "ಸುಮ್ಮನೆ ಕೂತಿದ್ದೀಯಲ್ಲ, ಇದನ್ನ ಮಾಡು" ಅಂತ ಮುಂದೆ ತಂದಿಡೋ ಕೆಲಸ. ನನ್ನ ಮುಂದೆ ಒಂದು ಮಂಕರಿ ಹುಣಸೆಹಣ್ಣು ಬಂತು, ಬೀಜ ತೆಗೆಯೋಕೆ. ನನಗೆ ಬೇಕು ಅನ್ನಿಸಿದಾಗ ಅದು ಒಳ್ಳೇ ಟೈಂಪಾಸ್. "ಇನ್ನೂ ಆಗಿಲ್ವಾ?" ಅಂತ ಕೇಳಿದ ಕ್ಷಣಕ್ಕೆ ಅದು ಕೆಲಸ. ಎರಡರ ಮಧ್ಯೆ ಇರೋ ಗೆರೆ ಅಷ್ಟೇ: ಬಿಡೋ ಸ್ವಾತಂತ್ರ್ಯ ಇರಬೇಕು. ಬೀಜಗಳನ್ನ ಮಾತ್ರ ನಾನು ಅಜ್ಜಿ ಎತ್ತಿಟ್ಟುಕೊಂಡು ಅಳಗುಳಿ ಮಣೆ ಆಡಿದ್ವಿ. ಹದಿನಾಲ್ಕು ಗುಳಿ, ಅಜ್ಜಿದೇ ಗೆಲುವು, ದಿನಾ.

ಹಾಗಾದರೆ ಇದು ಇದ್ದವರಿಗೆ ಮಾತ್ರಾನಾ? ನಾನು ಒಪ್ಪಲ್ಲ. ಕೂಲಿ ಇಲ್ಲದೆ ಮನೆಯಲ್ಲಿ ಬಿದ್ದಿರೋ ಮನುಷ್ಯನಿಗೆ ಚಿಂತೆ ಎಲ್ಲರಿಗಿಂತ ಜಾಸ್ತಿ, ಮನಸ್ಸು ತಿರುಗಿಸೋ ಅಗತ್ಯವೂ ಜಾಸ್ತಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆಯೋಕೆ ದುಡ್ಡು ಬೇಡ. ರೇಡಿಯೋ ಕೇಳೋಕೆ ಡೇಟಾ ಬೇಡ. ಬೇಕಾಗಿರೋದು "ನೀನು ಆಡಿದರೂ ಪರವಾಗಿಲ್ಲ" ಅಂತ ಮನೆಯವರು ಅನ್ನೋದು.

ಉಲ್ಟಾ ಕಡೆಯ ಕಾಟವೂ ಇದೆ. ಇಲ್ಲೇ ನೋಡಿ, "ಬೆಡ್ ರೆಸ್ಟಲ್ಲಿ ಕಲಿತ ಹತ್ತು ಸ್ಕಿಲ್ಸ್" ಅಂತ ಪೋಸ್ಟು. ದಯವಿಟ್ಟು ಬೇಡ. ಚೇತರಿಕೆ ಇಂಟರ್ನ್‌ಶಿಪ್ ಅಲ್ಲ. ಕೆಲವು ದಿನ ಸೂಜಿ ಹಿಡಿಯೋಕೂ ಆಗಲ್ಲ. ಜ್ವರಕ್ಕೆ ಕೂತ ಹುಳವನ್ನ ಯಾರೂ ಎಬ್ಬಿಸಲ್ಲ, ಅಲ್ವಾ? ನಿಮ್ಮನ್ನ ನೀವೂ ಎಬ್ಬಿಸಬೇಡಿ.

8/8
ನೋಡೋಕೆ ಹೋಗ್ತಿದ್ದೀರಾ? ಹಾಗಾದರೆ ಇದು ನಿಮಗೆ

ಸೇಬು, ಬ್ರೆಡ್ಡು, ಹಾರ್ಲಿಕ್ಸ್ ತಗೊಂಡು ಹೋಗಿ, ಬೇಡ ಅನ್ನಲ್ಲ. ಜೊತೆಗೆ ನಾಳೆಗೆ ಉಳಿಯೋ ಒಂದು ವಸ್ತು ತಗೊಂಡು ಹೋಗಿ. ಒಂದು ಉಂಡೆ ನೂಲು ಮತ್ತು ಕ್ರೋಶಾ ಕಡ್ಡಿ. ನಿಮ್ಮದೇ ಹಳೇ ಕಾದಂಬರಿ. ಚುಕ್ಕಿ ರಂಗೋಲಿ ಬರೆಯೋಕೆ ಚೌಕಳಿ ಪುಸ್ತಕ. ಒಂದು ಹಿಡಿ ಮೆಂತ್ಯ.

ಮೊದಲ ವಾರಗಳಲ್ಲಿ ಓದೋಕೆ ಆಗಲ್ಲ, ತಲೆ ಸುತ್ತುತ್ತೆ. ಆಗ ಕೇಳೋದು ಕೊಡಿ: ರೇಡಿಯೋ, ನಿಮ್ಮ ವಾಯ್ಸ್ ನೋಟ್. ಆಮೇಲೆ ಕೈಗೆ ಕೆಲಸ. ಓದು ಕೊನೆಗೆ. ಉಸಿರಿಗೆ ಕಷ್ಟ ಕೊಡೋದು, ಧೂಳಿನದು ಏನಾದರೂ ಆದರೆ ಡಾಕ್ಟರನ್ನ ಕೇಳಿ.

ಟಿಬಿ ಅಂತ ಹೆದರಿ ದೂರ ಇರಬೇಡಿ. ಸರಿಯಾದ ಔಷಧ ಶುರುವಾಗಿ ಕೆಲವು ವಾರ ಆದರೆ ಸಾಮಾನ್ಯವಾಗಿ ಹರಡೋ ಭಯ ತುಂಬಾ ಕಡಿಮೆ, ಯಾವಾಗಿಂದ ಅಂತ ಡಾಕ್ಟರ್ ಹೇಳ್ತಾರೆ. ಅಲ್ಲಿವರೆಗೆ ಮಾಸ್ಕ್ ಹಾಕ್ಕೊಂಡು ಬಾಗಿಲ ಹೊರಗೆ ಜಗಲಿ ಮೇಲೆ ಕೂತು ಮಾತಾಡಿ. ತಟ್ಟೆ ಲೋಟದಿಂದ ಟಿಬಿ ಬರಲ್ಲ. ತಟ್ಟೆ ಬೇರೆ ಇಡೋದರಿಂದ ಮನಸ್ಸು ಮಾತ್ರ ಮುರಿಯುತ್ತೆ.

ಒಂದೇ ಸಲ ಹತ್ತು ಜನ ಹೋಗಬೇಡಿ. ವಾರಕ್ಕೊಬ್ಬರು ಹೋಗಿ. ಮೂರನೇ ತಿಂಗಳು, ನಾಲ್ಕನೇ ತಿಂಗಳು ಹೋಗಿ. ಆಗ ಯಾರೂ ಬರಲ್ಲ, ಬೇಕಾಗಿರೋದು ಆಗಲೇ.

ಕೊನೆಗೆ ದೊಡ್ಡವರಿಗೆ ಒಂದು ಮಾತು. ನಮ್ಮ ಪಂಚಾಯಿತಿಗಳಲ್ಲಿ ಗ್ರಂಥಾಲಯ ಇದೆ, ಈಗ "ಅರಿವು ಕೇಂದ್ರ" ಅಂತ ಬೋರ್ಡ್. ಟಿಬಿ ಇರೋರ ಮನೆಗೆ ಆಶಾ ಅಕ್ಕ ಹೇಗೂ ಹೋಗ್ತಾರೆ. ಆದರೆ ಅವರ ತಲೆ ಮೇಲೆ ಇನ್ನೊಂದು ಕೆಲಸ ಹೊರಿಸೋದು ಬೇಡ. ಆ ಊರಿನ ಎನ್ಎಸ್ಎಸ್ ಹುಡುಗ ಹುಡುಗಿಯರು ನಾವಿದ್ದೀವಲ್ಲ! ಮನೆಯವರು ಒಪ್ಪಿದರೆ, ಹೆಸರು ಕಾಯಿಲೆ ಯಾರಿಗೂ ಹೇಳದೆ, ಹದಿನೈದು ದಿನಕ್ಕೊಮ್ಮೆ ಎರಡು ಪುಸ್ತಕ ಕೊಟ್ಟು ಹಳೇ ಎರಡು ವಾಪಸ್ ತರೋಕೆ ಏನು ಕಷ್ಟ? ಕಾಲು ಮುರಿದವರಿಗೂ, ಬಾಣಂತಿಯರಿಗೂ, ಮನೆ ಬಿಟ್ಟು ಬರಲಾಗದ ಅಜ್ಜ ಅಜ್ಜಿಯರಿಗೂ ಕೊಡಬಹುದು. ನಮ್ಮ ಕಾಲೇಜಲ್ಲಿ ಇದನ್ನ ಕೇಳ್ತೀನಿ. ನೀವು ನಿಮ್ಮ ಕಾಲೇಜಲ್ಲಿ ಕೇಳಿ.

ನಿಮ್ಮ ಕ್ಲಾಸಲ್ಲಿ ಈಗ ಯಾರ ಬೆಂಚು ಖಾಲಿ ಇದೆ? ಅವರಿಗೆ ಇವತ್ತು ಮೆಸೇಜ್ ಮಾಡಿ. "ಹೇಗಿದ್ದೀಯ" ಅಂತ ಬೇಡ, ಅದಕ್ಕೆ "ಓಕೆ" ಅಂತ ಉತ್ತರ ಬಂದು ಮಾತು ಮುಗಿಯುತ್ತೆ. ಚೆಸ್ಸಿನ ಮೊದಲ ನಡೆ ಕಳಿಸಿ. ಅವರ ನಡೆ ನಾಳೆ ಬರಲಿ.

#ಹುತ್ತೂರು #ಕೋಲಾರ #ಮೂರನೇಪ್ರಶ್ನೆ #ನಾಳೆಗೆಸ್ವಲ್ಪ